ಗುಳ್ಳೆ ಒಣಗಿದ ಮೇಲೂ ಉಳಿಯುವ ಉರಿ



ಡ್ಯಾಲಸ್, ಹ್ಯೂಸ್ಟನ್, ಆಸ್ಟಿನ್ ಊರುಗಳ ಕನ್ನಡ ಮನೆಗಳಿಗೆ ವರ್ಷದ ಯಾವ ತಿಂಗಳಲ್ಲಿ ಹೋದರೂ ಊರಿನಿಂದ ಬಂದ ಹಿರಿಯರು ಒಬ್ಬರಾದರೂ ಇರುತ್ತಾರೆ. ಮಗಳ ಬಾಣಂತನಕ್ಕೆ ಬಂದವರು, ಮಗನ ಗೃಹಪ್ರವೇಶಕ್ಕೆ ಬಂದವರು, ಮೊಮ್ಮಕ್ಕಳ ಬೇಸಿಗೆ ರಜೆಗೆ ಬಂದವರು. ಬಹುಪಾಲು 60 ದಾಟಿದವರು, ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆಗಳ ಡಬ್ಬಿಯನ್ನು ಜೊತೆಗೇ ತಂದವರು. ಅವರನ್ನು ಹಿಡಿದು ಕಾಡಬಲ್ಲ ಒಂದು ಕಾಯಿಲೆಯ ವಿಷಯವನ್ನು ಇವತ್ತು ಮಾತಾಡುತ್ತೇನೆ. ಊರಿನಲ್ಲಿ ನಾವು ಅದನ್ನು ಸರ್ಪಸುತ್ತು ಎನ್ನುತ್ತೇವೆ. ಟೆಕ್ಸಾಸಿನ ಡಾಕ್ಟರು ಶಿಂಗಲ್ಸ್ ಎನ್ನುತ್ತಾರೆ. ಗುಳ್ಳೆಗಳು ಎರಡರಿಂದ ನಾಲ್ಕು ವಾರದಲ್ಲಿ ವಾಸಿಯಾಗುತ್ತವೆ. ಆದರೆ ಕೆಲವರಲ್ಲಿ ನರದ ಉರಿ ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಗಟ್ಟಲೆ ಉಳಿದುಬಿಡುತ್ತದೆ. ಔಷಧ ಚೆನ್ನಾಗಿ ಕೆಲಸ ಮಾಡಬೇಕಾದರೆ ಗುಳ್ಳೆ ಕಂಡ ಮೂರು ದಿನದೊಳಗೆ, ಅಂದರೆ 72 ಗಂಟೆಯೊಳಗೆ ಶುರುವಾಗಬೇಕು. ನಮ್ಮ ಮನೆಗಳಲ್ಲಿ ಆ ಮೂರು ದಿನಗಳೇ ಸುಮ್ಮನೆ ಕಳೆದುಹೋಗುತ್ತಿವೆ ಎಂಬ ಸಂಕಟ ನನ್ನದು.

ಹ್ಯೂಸ್ಟನ್ನಿನ ಪಶ್ಚಿಮಕ್ಕಿರುವ ಕೇಟಿಯಲ್ಲಿ, ನಮಗೆ ಬೇಕಾದವರ ಮನೆಗೆ, ಮೈಸೂರು ಕಡೆಯ ತಾಯಿಯೊಬ್ಬರು ಮಗಳ ಬಾಣಂತನಕ್ಕೆ ಬಂದಿದ್ದರು. ಕಾಲು ನೀಡಿ ಕುಳಿತು, ಕೂಸನ್ನು ಕಾಲಮೇಲೆ ಮಲಗಿಸಿಕೊಂಡು ಎರೆಯುವ ಕೆಲಸ ಅವರದೇ. ಒಂದು ದಿನ ಎಡ ಪಕ್ಕೆಯಲ್ಲಿ ಉರಿ ಶುರುವಾಯಿತು. ಬಾಗಿ ಬಾಗಿ ಎರೆದು ಪಕ್ಕೆ ಹಿಡಿದುಕೊಂಡಿದೆ ಎಂದುಕೊಂಡು ಅಮೃತಾಂಜನ ತಿಕ್ಕಿಕೊಂಡರು. ಎರಡು ದಿನ ಬಿಟ್ಟು ಬೆನ್ನಿನಿಂದ ಎದೆಯ ಕೆಳಗಿನವರೆಗೆ ಪಟ್ಟಿಪಟ್ಟಿಯಾಗಿ ನೀರುಗುಳ್ಳೆ ಎದ್ದವು. ಬಚ್ಚಲುಮನೆಯ ಕನ್ನಡಿಯಲ್ಲಿ ನೋಡಿಕೊಂಡ ಕೂಡಲೇ ಇದೇನೆಂದು ಅವರಿಗೆ ಗೊತ್ತಾಯಿತು, ಊರಿನಲ್ಲಿ ಬೇರೆಯವರಿಗೆ ಆದದ್ದನ್ನು ನೋಡಿದ್ದರು. ಆದರೂ ಬಾಯಿಬಿಡಲಿಲ್ಲ. ತೇಯಲು ಸಾಣೆಕಲ್ಲು ಇಲ್ಲದ ಮನೆ. ದೇವರ ಮುಂದಿದ್ದ ಗಂಧದ ಪುಡಿಯನ್ನೇ ಕಲಸಿ ಹಚ್ಚಿಕೊಂಡು, ಮೇಲೆ ಸಡಿಲ ರವಿಕೆ ತೊಟ್ಟು ಕೆಲಸಕ್ಕೆ ನಿಂತರು. ಮಗಳಿಗೆ ಗೊತ್ತಾದದ್ದು ಗುಳ್ಳೆ ಎದ್ದ ಐದನೆಯ ದಿನ, ಕೂಸನ್ನು ಎತ್ತಿಕೊಳ್ಳಲು ಬಾಗಿದ ಅಮ್ಮ ಹಲ್ಲುಕಚ್ಚಿ ಅಲ್ಲೇ ಕುಸಿದು ಕುಳಿತಾಗ.

“ಮೊದಲೇ ಹೇಳಬಾರದಿತ್ತಾ ಅಮ್ಮಾ?”

“ಹಸಿ ಬಾಣಂತಿ ಇರೋ ಮನೆ, ನಂದೇನು ದೊಡ್ಡದು ಅಂತ ಸುಮ್ನಿದ್ದೆ ಕಣೇ. ಇಲ್ಲಿ ಡಾಕ್ಟರ ಹತ್ರ ಹೋದ್ರೆ ಸಾವಿರಗಟ್ಟಲೆ ಡಾಲರು ಅಂತ ನೀವೇ ಮಾತಾಡ್ಕೋತಿರ್ತೀರಲ್ಲ.”

ಈ ಉತ್ತರದಲ್ಲಿ ಎಲ್ಲವೂ ಇದೆ. ದುಡ್ಡಿನ ಅಂಜಿಕೆ ಇದೆ, ಮಕ್ಕಳಿಗೆ ಹೊರೆಯಾಗಬಾರದೆಂಬ ಸಂಕೋಚ ಇದೆ. ಬಾಯಲ್ಲಿ ಬರದೆ ಮನಸ್ಸಿನಲ್ಲೇ ಉಳಿದ ಇನ್ನೊಂದೂ ಇದ್ದೀತು. ಅದು ಸರ್ಪದೋಷದ ಭಯ.

ಆ ಭಯದ ಮಾತನ್ನು ಮೊದಲು ಆಡಿ ಮುಗಿಸುತ್ತೇನೆ. ಸುತ್ತು ಬೆಳೆಯುತ್ತಾ ಹೋಗಿ ಹಾವಿನ ಹೆಡೆಯೂ ಬಾಲವೂ ಕೂಡಿದರೆ ಜೀವ ಹೋಗುತ್ತದೆ ಎಂದು ನಮ್ಮಲ್ಲಿ ಹೇಳುತ್ತಾರೆ. ಆದರೆ ಈ ಗುಳ್ಳೆಗಳು ಏಳುವುದು ಬೆನ್ನುಹುರಿಯಿಂದ ಹೊರಟ ಒಂದು ನರದ ದಾರಿಯಲ್ಲಿ. ನಮ್ಮ ಬೆನ್ನುಹುರಿಯಿಂದ ನರಗಳು ಎಡಕ್ಕೊಂದು ಬಲಕ್ಕೊಂದು ಜೋಡಿಯಾಗಿ ಹೊರಡುತ್ತವೆ. ಎಡಗಡೆಯ ನರ ಎಡ ಭಾಗದ ಚರ್ಮವನ್ನು ಮಾತ್ರ ನೋಡಿಕೊಳ್ಳುತ್ತದೆ. ಆದ್ದರಿಂದ ಗುಳ್ಳೆಯ ಪಟ್ಟಿ ಹಿಂದೆ ಬೆನ್ನೆಲುಬಿನ ಹತ್ತಿರ, ಮುಂದೆ ಎದೆಯ ನಡುಗೆರೆಯ ಹತ್ತಿರ ನಿಂತುಬಿಡುತ್ತದೆ. ಸುತ್ತು ಅರ್ಧಕ್ಕೇ ಮುಗಿಯುತ್ತದೆ. ಎರಡೂ ಕಡೆ ಎದ್ದರೆ, ಅಥವಾ ಮೈತುಂಬ ಚದುರಿದರೆ ಮಾತ್ರ ರೋಗನಿರೋಧಕ ಶಕ್ತಿ ತೀರಾ ಕುಂದಿದೆ ಎಂದು ತಿಳಿದು ತಕ್ಷಣ ಆಸ್ಪತ್ರೆಗೆ ಓಡಬೇಕು. ಕ್ಯಾನ್ಸರಿಗೆ ಕೀಮೋ ಪಡೆಯುತ್ತಿರುವವರು, ಕಿಡ್ನಿ ಕಸಿ ಆದವರು, ಬಹುಕಾಲ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವವರು ಈ ವಿಷಯದಲ್ಲಿ ಹೆಚ್ಚು ಎಚ್ಚರದಿಂದ ಇರಬೇಕು. ಕುಕ್ಕೆ ಸುಬ್ರಹ್ಮಣ್ಯಕ್ಕೆ ಹರಕೆ ಹೊತ್ತುಕೊಳ್ಳುವವರು ಹೊತ್ತುಕೊಳ್ಳಲಿ, ಆ ನಂಬಿಕೆಗೆ ನಾನು ಕೈಹಾಕುವುದಿಲ್ಲ. ಹರಕೆ ಹೊತ್ತ ದಿನವೇ ಮಾತ್ರೆಯೂ ಶುರುವಾಗಲಿ. ಕೆಮ್ಮಣ್ಣು, ಗರಿಕೆ ಅರೆದ ಲೇಪ ಇವನ್ನೆಲ್ಲ ಒಡೆದ ಗುಳ್ಳೆಯ ಮೇಲೆ ಹಚ್ಚಬೇಡಿ, ಕೀವಾದರೆ ಒಂದಕ್ಕೆ ಎರಡು ಕಾಯಿಲೆ. ತಣ್ಣೀರಿನಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆ, ಕ್ಯಾಲಮೈನ್ ಲೋಷನ್ ಸಾಕು.

ಇದು ಹೊರಗಿನಿಂದ ಬಂದು ಅಂಟುವ ಕಾಯಿಲೆಯೂ ಅಲ್ಲ. ಚಿಕ್ಕಂದಿನಲ್ಲಿ ‘ಅಮ್ಮ’ ಬಂದಿತ್ತಲ್ಲ, ಆ ಸೀತಾಳೆ ಸಿಡುಬಿನ ವೈರಸ್ಸೇ ಇದು. ವಾಸಿಯಾದ ಮೇಲೆ ಮೈ ಬಿಟ್ಟು ಹೋಗದೆ ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ಅಡಗಿ ಕೂರುತ್ತದೆ. ವಯಸ್ಸಾಗಿಯೋ ಮೈ ಸೊರಗಿಯೋ ಕಾವಲು ಸಡಿಲಾದಾಗ ಎದ್ದು, ನರದ ಎಳೆಯ ಗುಂಟ ಇಳಿದು ಚರ್ಮಕ್ಕೆ ಬರುತ್ತದೆ. ಅಮೆರಿಕದಲ್ಲಿ ಮೂವರಲ್ಲಿ ಒಬ್ಬರಿಗೆ ಬದುಕಿನಲ್ಲಿ ಒಮ್ಮೆಯಾದರೂ ಸರ್ಪಸುತ್ತು ಆಗುತ್ತದೆ ಎಂಬುದು ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿಯ ಲೆಕ್ಕ. ಹಾಗೆ ಆದವರಲ್ಲಿ ನೂರಕ್ಕೆ 10ರಿಂದ 18 ಮಂದಿಗೆ ನೋವು ಉಳಿದುಕೊಳ್ಳುತ್ತದೆ. ವಯಸ್ಸು ಹೆಚ್ಚಿದಷ್ಟೂ ಈ ಅಪಾಯ ಹೆಚ್ಚು.

ಈ ವೈರಸ್ಸಿನ ಚರಿತ್ರೆಯಲ್ಲಿ ಹ್ಯೂಸ್ಟನ್ನಿಗೆ ಒಂದು ಜಾಗವಿದೆ. ಅಲ್ಲಿನ ಕನ್ನಡಿಗರಿಗೆ ಅದು ತಿಳಿದಿರಲಿ ಎಂದು ಹೇಳುತ್ತೇನೆ. 1963ರಲ್ಲಿ ಜಪಾನಿನ ಒಸಾಕಾದಿಂದ ಮಿಚಿಯಾಕಿ ತಕಹಾಶಿ ಎಂಬ ತರುಣ ವೈರಸ್ ತಜ್ಞರು ಸಂಶೋಧನೆಗೆಂದು ಹ್ಯೂಸ್ಟನ್ನಿನ ಬೇಲರ್ ವೈದ್ಯಕೀಯ ಕಾಲೇಜಿಗೆ ಬಂದರು. ಮರುವರ್ಷ ಅವರ ಮೂರು ವರ್ಷದ ಮಗನಿಗೆ ಸೀತಾಳೆ ಸಿಡುಬು ಬಂತು. ಮುಖದಲ್ಲಿ ಶುರುವಾಗಿ ಮೈಯೆಲ್ಲ ಹರಡಿತು, ಜ್ವರ ಏರಿತು, ಉಸಿರಿಗೂ ತೊಂದರೆಯಾಯಿತು. ಪರದೇಶದಲ್ಲಿ ಹಗಲು ರಾತ್ರಿ ಮಗುವಿನ ಪಕ್ಕದಲ್ಲೇ ಕುಳಿತ ಅಪ್ಪ ಅಮ್ಮ. ನಮ್ಮ ಎಷ್ಟೋ ಕುಟುಂಬಗಳಿಗೆ ಆ ಸ್ಥಿತಿ ಹೇಳದೆಯೇ ಅರ್ಥವಾಗುತ್ತದೆ. ಹುಡುಗ ಉಳಿದುಕೊಂಡ. ವೈರಸ್ಸುಗಳ ಬಗ್ಗೆ ತಾನು ಕಲಿತದ್ದನ್ನು ಈ ರೋಗದ ಲಸಿಕೆಗೇ ಮುಡಿಪಾಗಿಡಬೇಕು ಎಂದು ತಕಹಾಶಿ ನಿಶ್ಚಯಿಸಿದರು. 1965ರಲ್ಲಿ ಒಸಾಕಾಕ್ಕೆ ಮರಳಿ, 1974ರ ಹೊತ್ತಿಗೆ ಜಗತ್ತಿನ ಮೊದಲ ಸೀತಾಳೆ ಸಿಡುಬಿನ ಲಸಿಕೆ ಸಿದ್ಧಪಡಿಸಿದರು. 1995ರಲ್ಲಿ ಅಮೆರಿಕ ಅದನ್ನು ಒಪ್ಪಿತು. ಇವತ್ತು ಪ್ಲೇನೊ, ಫ್ರಿಸ್ಕೊ, ರೌಂಡ್ ರಾಕ್‌ನಲ್ಲಿ ಹುಟ್ಟುವ ನಮ್ಮ ಮಕ್ಕಳಿಗೆ ಒಂದು ವರ್ಷ ತುಂಬಿದ ಮೇಲೆ ಕೊಡುವ ಲಸಿಕೆ ಆ ಮೂಲದ್ದೇ. ಸರ್ಪಸುತ್ತಿಗೆ 2006ರಲ್ಲಿ ಬಂದ ಮೊದಲ ಲಸಿಕೆಯಲ್ಲೂ ತಕಹಾಶಿಯವರ ಅದೇ ವೈರಸ್ ತಳಿ ಇತ್ತು, ಪ್ರಮಾಣ ಮಾತ್ರ ಬಹಳ ಹೆಚ್ಚು.

ಇನ್ನು ಚಿಕಿತ್ಸೆ. ಅಸೈಕ್ಲೋವಿರ್, ವ್ಯಾಲಸೈಕ್ಲೋವಿರ್, ಫ್ಯಾಮ್‌ಸೈಕ್ಲೋವಿರ್ ಎಂದು ಮೂರು ಮಾತ್ರೆಗಳಿವೆ. ಅಸೈಕ್ಲೋವಿರ್ ಬಂದದ್ದು ಗರ್ಟ್ರೂಡ್ ಎಲಿಯನ್ ಅವರ ಪ್ರಯೋಗಾಲಯದಿಂದ. ಪಿಎಚ್‌ಡಿ ಮಾಡಲು ಅವಕಾಶವಾಗದಿದ್ದ ಆ ಮಹಿಳೆಗೆ 1988ರಲ್ಲಿ ನೊಬೆಲ್ ಬಂತು. ಅಸೈಕ್ಲೋವಿರ್ ಅನ್ನು ದಿನಕ್ಕೆ ಐದು ಸಲ ನುಂಗಬೇಕು, ವಯಸ್ಸಾದವರು ಲೆಕ್ಕ ತಪ್ಪುತ್ತಾರೆ. ಹಾಗಾಗಿ ಈಗ ದಿನಕ್ಕೆ ಮೂರು ಸಲದಂತೆ ಏಳು ದಿನ ಕೊಡುವ ವ್ಯಾಲಸೈಕ್ಲೋವಿರ್ ಹೆಚ್ಚು ಬಳಕೆಯಲ್ಲಿದೆ. ಕಿಡ್ನಿ ದುರ್ಬಲವಾಗಿದ್ದರೆ ಪ್ರಮಾಣ ಇಳಿಸಬೇಕು. ಸಕ್ಕರೆ ಕಾಯಿಲೆಯ ಹಿರಿಯರ ಕ್ರಿಯಾಟಿನಿನ್ ಎಷ್ಟಿದೆ ಎಂದು ಊರಿನ ರಿಪೋರ್ಟ್ ನೋಡಿ ಡಾಕ್ಟರಿಗೆ ಹೇಳಿ, ಚೆನ್ನಾಗಿ ನೀರು ಕುಡಿಸಿ.

ಈ ಮಾತ್ರೆಗಳು ಹೊಸ ಗುಳ್ಳೆ ಏಳುವುದನ್ನು ನಿಲ್ಲಿಸುತ್ತವೆ, ಆಗಿನ ನೋವನ್ನು ಬೇಗ ಇಳಿಸುತ್ತವೆ. ಆಮೇಲಿನ ನರನೋವಿನ ಮಾತೇನು? ಹ್ಯೂಸ್ಟನ್ನಿನಿಂದ ಕಡಲ ಕಡೆಗೆ ಒಂದು ಗಂಟೆಯ ದಾರಿಯಲ್ಲಿ ಗ್ಯಾಲ್ವೆಸ್ಟನ್ ಇದೆ. ಅಲ್ಲಿನ ಟೆಕ್ಸಾಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಖೆಯ ಸ್ಟೀಫನ್ ಟೈರಿಂಗ್ ಮತ್ತು ಜೊತೆಗಾರರು ಫ್ಯಾಮ್‌ಸೈಕ್ಲೋವಿರ್ ಮೇಲೆ ನಡೆಸಿದ ಅಧ್ಯಯನ 1995ರಲ್ಲಿ ಪ್ರಕಟವಾಯಿತು. 400ಕ್ಕೂ ಹೆಚ್ಚು ರೋಗಿಗಳು ಅದರಲ್ಲಿದ್ದರು. ಮಾತ್ರೆ ಪಡೆದವರಲ್ಲಿ ಉಳಿದ ನರನೋವು ಸುಮಾರು ಎರಡು ತಿಂಗಳು ಮೊದಲೇ ತೀರಿತ್ತು. ಮಾತ್ರೆ ನುಂಗಿದರೆ ನೋವು ಉಳಿಯುವುದೇ ಇಲ್ಲ ಎಂದು ಯಾರೂ ಭರವಸೆ ಕೊಡಲಾರರು. ಆದರೆ 70 ವರ್ಷದವರ ನಿದ್ದೆಗೆಟ್ಟ ರಾತ್ರಿಗಳಲ್ಲಿ ಎರಡು ತಿಂಗಳು ಕಡಿಮೆಯಾದರೂ ಅದು ಸಣ್ಣ ಲಾಭವೇ?

ಕೇಟಿಯ ಆ ತಾಯಿಗೆ ಐದನೆಯ ದಿನವೂ ಹೊಸ ಗುಳ್ಳೆ ಏಳುತ್ತಿದ್ದುದರಿಂದ ಡಾಕ್ಟರು ಮಾತ್ರೆ ಕೊಟ್ಟರು. ಮೂರು ದಿನ ದಾಟಿತೆಂದು ಹೋಗುವುದನ್ನೇ ಬಿಡಬಾರದು. ಖರ್ಚಿನ ವಿಷಯವನ್ನೂ ಬಿಚ್ಚಿ ಹೇಳುತ್ತೇನೆ. ಸಾವಿರಗಟ್ಟಲೆ ಡಾಲರ್ ಬಿಲ್ಲು ಬರುವುದು ಆಸ್ಪತ್ರೆಯ ಎಮರ್ಜೆನ್ಸಿ ವಿಭಾಗಕ್ಕೆ ಹೋದಾಗ. ಪಕ್ಕೆಯ ಮೇಲೆ ಎದ್ದ ಸರ್ಪಸುತ್ತಿಗೆ ಪ್ರತಿ ಬಡಾವಣೆಯಲ್ಲೂ ಇರುವ ಅರ್ಜೆಂಟ್ ಕೇರ್ ಕ್ಲಿನಿಕ್ ಸಾಕು. ಎಷ್ಟೋ ಸಲ ವಿಡಿಯೊ ಕರೆಯಲ್ಲೇ ಡಾಕ್ಟರು ಗುಳ್ಳೆಯನ್ನು ಗುರುತಿಸಿ ಔಷಧದ ಚೀಟಿಯನ್ನು ಹತ್ತಿರದ ಎಚ್‌ಇಬಿ, ವಾಲ್‌ಗ್ರೀನ್ಸ್ ಅಥವಾ ಸಿವಿಎಸ್ ಅಂಗಡಿಗೆ ಕಳಿಸುತ್ತಾರೆ. ಬ್ರ್ಯಾಂಡ್ ಹೆಸರಿಲ್ಲದ ಜೆನೆರಿಕ್ ಮಾತ್ರೆ ಕೇಳಿ, ರಿಯಾಯಿತಿ ಕೂಪನ್ ತೋರಿಸಿ. ವಾರದ ಔಷಧ ಒಂದು ಹೊತ್ತಿನ ಹೋಟೆಲ್ ಊಟದ ಖರ್ಚಿನಲ್ಲಿ ಮುಗಿಯಬಹುದು. ನಮ್ಮ ಕಂದು ಮೈಬಣ್ಣದ ಮೇಲೆ ಕೆಂಪು ಅಷ್ಟಾಗಿ ಕಾಣುವುದಿಲ್ಲ, ಕಪ್ಪು ನೇರಳೆಯಾಗಿ ತೋರಬಹುದು. ಒಂದೇ ಬದಿಗೆ ಇದೆ, ಮೊದಲು ಉರಿ ಬಂತು, ಆಮೇಲೆ ಗುಳ್ಳೆ ಎದ್ದವು ಎಂದು ನೀವೇ ಮುಂದಾಗಿ ಹೇಳಬೇಕು.

ಎಮರ್ಜೆನ್ಸಿಗೇ ಓಡಬೇಕಾದ ಸಂದರ್ಭಗಳಿವೆ. ಹಣೆಯ ಮೇಲೆ, ರೆಪ್ಪೆಯ ಮೇಲೆ, ಮುಖ್ಯವಾಗಿ ಮೂಗಿನ ತುದಿಯಲ್ಲಿ ಗುಳ್ಳೆ ಕಂಡರೆ ಕಣ್ಣಿಗೆ ಅಪಾಯ. ಆ ದಿನವೇ ಕಣ್ಣಿನ ಡಾಕ್ಟರು ನೋಡಬೇಕು, ತಡವಾದರೆ ದೃಷ್ಟಿ ಹೋಗಬಹುದು. ಕಿವಿಯಲ್ಲಿ ಗುಳ್ಳೆ ಎದ್ದು ಬಾಯಿ ಸೊಟ್ಟಗಾದರೂ ಹಾಗೆಯೇ. ಇನ್ನು, ಗುಳ್ಳೆ ಏಳುವ ಮೊದಲೇ ಎಡ ಎದೆಯಲ್ಲಿ ನೋವು ಬಂದರೆ ಅದು ಸರ್ಪಸುತ್ತೋ ಹೃದಯವೋ ಎಂದು ಮನೆಯಲ್ಲಿ ಚರ್ಚೆ ಮಾಡುತ್ತಾ ಕೂರಬೇಡಿ, 911ಕ್ಕೆ ಫೋನ್ ಮಾಡಿ.

ಬಾಣಂತಿಯ ಮನೆಯಾದ್ದರಿಂದ ಕೂಸಿನ ಮಾತನ್ನೂ ಆಡಲೇಬೇಕು. ಸರ್ಪಸುತ್ತು ಒಬ್ಬರಿಂದ ಇನ್ನೊಬ್ಬರಿಗೆ ಸರ್ಪಸುತ್ತಾಗಿ ಹರಡುವುದಿಲ್ಲ. ಆದರೆ ಗುಳ್ಳೆಯ ನೀರು ತಾಕಿದರೆ, ಮುಂಚೆ ಸೀತಾಳೆ ಸಿಡುಬು ಆಗದವರಿಗೂ ಲಸಿಕೆ ಇಲ್ಲದವರಿಗೂ ಆ ಸಿಡುಬು ಬರಬಹುದು. ಎಲ್ಲ ಗುಳ್ಳೆಗಳೂ ಹಕ್ಕುಗಟ್ಟುವವರೆಗೆ, ಅಂದರೆ ಸುಮಾರು ಏಳರಿಂದ ಹತ್ತು ದಿನ, ಜಾಗವನ್ನು ಬಟ್ಟೆಯಿಂದ ಮುಚ್ಚಿ, ಕೈ ತೊಳೆಯುತ್ತಾ, ಎರೆಯುವ ಕೆಲಸವನ್ನು ಬೇರೆಯವರಿಗೆ ಬಿಡಬೇಕು. ಕೂಸಿನ ತಾಯಿಗೆ ಮುಂಚೆ ಸಿಡುಬು ಆಗಿದ್ದರೆ ಅವಳಿಂದ ಬಂದ ಪ್ರತಿಕಾಯಗಳು ಎಳೆಗೂಸನ್ನು ಒಂದು ಮಟ್ಟಿಗೆ ಕಾಯುತ್ತವೆ. ಅವಳಿಗೆ ಆಗಿಲ್ಲದಿದ್ದರೆ ಮಕ್ಕಳ ಡಾಕ್ಟರಿಗೆ ಆ ದಿನವೇ ಫೋನ್ ಹೋಗಬೇಕು. ಬಿಸಿಲ ನಾಡುಗಳಲ್ಲಿ ಈ ಸಿಡುಬು ತಡವಾಗಿ, ಎಷ್ಟೋ ಸಲ ಪ್ರಾಯಕ್ಕೆ ಬಂದ ಮೇಲೆ ಬರುತ್ತದೆ, ಭಾರತದ ಸರ್ಕಾರಿ ಲಸಿಕಾ ಕಾರ್ಯಕ್ರಮದಲ್ಲಿ ಅದರ ಲಸಿಕೆಯೂ ಇಲ್ಲ. ಹಾಗಾಗಿ ಕರ್ನಾಟಕದಲ್ಲಿ ಬೆಳೆದು ಬಂದ ಹೆಣ್ಣುಮಕ್ಕಳಲ್ಲಿ ಕೆಲವರಿಗೆ ರಕ್ಷಣೆ ಇಲ್ಲದಿರಬಹುದು. ಬಸುರಾಗುವ ಮುಂಚೆ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಬಸುರಿಯಾದ ಮೇಲೆ ಈ ಲಸಿಕೆ ಕೊಡುವುದಿಲ್ಲ.

ಈಗ ನನ್ನ ಮನಸ್ಸಿನಲ್ಲಿ ಹೆಚ್ಚು ಭಾರವಾಗಿರುವ ಭಾಗಕ್ಕೆ ಬರುತ್ತೇನೆ. ಗುಳ್ಳೆ ಎದ್ದು ಮೂರು ತಿಂಗಳಾದ ಮೇಲೂ ನೋವಿದ್ದರೆ ವೈದ್ಯರು ಅದಕ್ಕೆ ಬೇರೆಯೇ ಕಾಯಿಲೆಯ ಸ್ಥಾನ ಕೊಡುತ್ತಾರೆ. ವೈರಸ್ಸು ನರವನ್ನು ಹಾಳುಮಾಡಿರುತ್ತದೆ. ಇಲಿ ಕಡಿದ ವಿದ್ಯುತ್ ತಂತಿ ಕಿಡಿ ಹಾರಿಸುವ ಹಾಗೆ ಆ ನರ ಯಾರೂ ಮುಟ್ಟದೆಯೇ ಮೆದುಳಿಗೆ ನೋವಿನ ಸುದ್ದಿ ಕಳಿಸುತ್ತಾ ಇರುತ್ತದೆ. ಜೋರಾಗಿ ಒತ್ತಿದರೆ ತಡೆದುಕೊಳ್ಳುವ ಮನುಷ್ಯ ಸೆರಗು ಸೋಕಿದರೆ ಚೀರುತ್ತಾನೆ. ಕೇಟಿಯ ಆ ತಾಯಿಗೆ ಕಾರಿನ ಸೀಟ್ ಬೆಲ್ಟ್ ಹಾಕಿಕೊಳ್ಳಲಾಗುತ್ತಿರಲಿಲ್ಲ. ಪಕ್ಕೆಗೂ ಬೆಲ್ಟಿಗೂ ನಡುವೆ ಎರಡೂ ಕೈ ತೂರಿಸಿ ಹಿಡಿದುಕೊಂಡೇ ಪೇರ್‌ಲ್ಯಾಂಡಿನ ಮೀನಾಕ್ಷಿ ದೇವಸ್ಥಾನದವರೆಗೆ ಹೋಗಿ ಬಂದರು. ಟೆಕ್ಸಾಸಿನ ಮನೆಗಳಲ್ಲಿ ಬೇಸಿಗೆಯಿಡೀ ಎಸಿ ಓಡುತ್ತದೆ. ಚಾವಣಿಯ ಗಾಳಿಕಿಂಡಿಯ ಕೆಳಗೆ ಕೂತರೆ ತಣ್ಣನೆ ಗಾಳಿಯೇ ಬರೆ ಎಳೆದಂತಾಗುತ್ತಿತ್ತು. ಚರ್ಮ ನೋಡಿದರೆ ನುಣ್ಣಗಿದೆ, ಅಲ್ಲಲ್ಲಿ ಕಲೆ ಅಷ್ಟೆ. “ಗುಳ್ಳೆ ಹೋಯಿತಲ್ಲ, ಇನ್ನೇನು ನೋವು? ಊರು ನೆನಪಾಗಿ ಹೀಗಾಡುತ್ತಾರೆ” ಎಂದು ಮನೆಯವರೇ ಪಿಸುಗುಟ್ಟಿಕೊಳ್ಳುವುದನ್ನು ನಾನು ಕೇಳಿದ್ದೇನೆ. ದಯವಿಟ್ಟು ಹಾಗೆ ಹೇಳಬೇಡಿ. ಆ ನೋವು ನಿಜ, ಅದಕ್ಕೆ ಔಷಧವೂ ಇದೆ.

ಸೂಟ್‌ಕೇಸಿನಲ್ಲಿ ತಂದ ಮಾಮೂಲಿ ನೋವಿನ ಮಾತ್ರೆಗಳು ಇದಕ್ಕೆ ನಾಟುವುದಿಲ್ಲ, ಕಿಡ್ನಿ ಮತ್ತು ಹೊಟ್ಟೆಗೆ ಪೆಟ್ಟು ಬೀಳುತ್ತದೆ ಅಷ್ಟೆ. ನರದ ಅಬ್ಬರ ತಗ್ಗಿಸುವ ಗಾಬಾಪೆಂಟಿನ್ ಅಥವಾ ಪ್ರೀಗಾಬಾಲಿನ್ ಕೊಡುತ್ತಾರೆ. ಗಾಬಾಪೆಂಟಿನ್ ಸಾಮಾನ್ಯವಾಗಿ 300 ಮಿಲಿಗ್ರಾಂನಿಂದ ಶುರುವಾಗಿ ಮೆಲ್ಲಗೆ ಏರುತ್ತದೆ, ವಯಸ್ಸಾದವರಿಗೆ ಇನ್ನೂ ಕಡಿಮೆಯಿಂದ. ಮೊದಲ ದಿನಗಳಲ್ಲಿ ತೂಕಡಿಕೆ, ತಲೆಸುತ್ತು ಬರುತ್ತದೆ. ರಾತ್ರಿ ಬಚ್ಚಲಿಗೆ ಹೋಗುವಾಗ ಬೀಳದಂತೆ ದೀಪ ಉರಿಯುತ್ತಿರಲಿ, ಮೆಟ್ಟಿಲ ಮೇಲಿನ ಕೋಣೆಯಲ್ಲಿ ಮಲಗಿಸಬೇಡಿ. ನಾಲ್ಕು ದಿನ ನುಂಗಿ ‘ಗುಣ ಕಾಣಲಿಲ್ಲ’ ಎಂದು ಬಿಡುವವರೇ ಹೆಚ್ಚು. ಸರಿಯಾದ ಪ್ರಮಾಣಕ್ಕೆ ಏರಿ ಕೆಲವು ವಾರ ಕಳೆಯಬೇಕು, ಬಿಡುವಾಗಲೂ ಮೆಲ್ಲಗೆ ಇಳಿಸಿಯೇ ಬಿಡಬೇಕು. ಇನ್ನೊಂದು ಸಾಲಿನಲ್ಲಿ ನಾರ್‌ಟ್ರಿಪ್ಟಿಲಿನ್, ಅಮಿಟ್ರಿಪ್ಟಿಲಿನ್ ಇವೆ. ಇವು ಖಿನ್ನತೆಯ ಮಾತ್ರೆಗಳೆಂದು ಪೊಟ್ಟಣದ ಮೇಲೆ ಓದಿ “ನನಗೇನು ಹುಚ್ಚೇ?” ಎಂದು ಮುನಿಸಿಕೊಂಡ ಹಿರಿಯರಿದ್ದಾರೆ. ನರನೋವಿಗೆ ಅವನ್ನು ಸಣ್ಣ ಪ್ರಮಾಣದಲ್ಲಿ ಬಹಳ ಕಾಲದಿಂದ ಕೊಡುತ್ತಾ ಬಂದಿದ್ದಾರೆ. ಹೃದಯದ ತೊಂದರೆ, ಪ್ರಾಸ್ಟೇಟ್ ತೊಂದರೆ ಇದ್ದವರಿಗೆ ಮಾತ್ರ ಎಚ್ಚರ ಬೇಕು.

ಮಾತ್ರೆ ಒಗ್ಗದವರಿಗೆ ಪಟ್ಟಿಗಳಿವೆ. ಲಿಡೋಕೇನ್ ಪಟ್ಟಿಯನ್ನು ವಾಸಿಯಾದ ಚರ್ಮದ ಮೇಲೆ 12 ಗಂಟೆ ಅಂಟಿಸಿ 12 ಗಂಟೆ ತೆಗೆದಿಡಬೇಕು. ತೂಕಡಿಕೆ ತರದ ಇದು ಹಿರಿಯರಿಗೆ ಒಳ್ಳೆಯದು. ಮೆಣಸಿನಕಾಯಿಯ ಖಾರದ ಸತ್ವವಾದ ಕ್ಯಾಪ್ಸೈಸಿನ್ ಶೇಕಡಾ 8ರಷ್ಟಿರುವ ಪಟ್ಟಿಯೂ ಇದೆ. ಅದನ್ನು ಕ್ಲಿನಿಕ್ಕಿನಲ್ಲಿ ಡಾಕ್ಟರ ಎದುರಿಗೇ ಒಂದು ಗಂಟೆ ಹಾಕುತ್ತಾರೆ. ಮೊದಲು ಉರಿಸಿ ಆಮೇಲೆ ಆ ಜಾಗದ ನರತುದಿಗಳನ್ನು ಸುಮಾರು ಮೂರು ತಿಂಗಳು ಮಂಕುಮಾಡುತ್ತದೆ. ಖಾರ ಯಾವ ಬಾಗಿಲಿನಿಂದ ನರದೊಳಗೆ ಹೋಗುತ್ತದೆ ಎಂದು 1997ರಲ್ಲಿ ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಸಂದಿತು. ಹಾಗೆಂದು ಅಡುಗೆಮನೆಯ ಮೆಣಸನ್ನು ಅರೆದು ಹಚ್ಚುವ ಸಾಹಸ ಯಾರೂ ಮಾಡಬೇಡಿ. ಮನೆಯಲ್ಲಿ ಮಾಡಬಹುದಾದದ್ದು ಸಣ್ಣದು: ಸಡಿಲ ರವಿಕೆ ಸೋಕುತ್ತಾ ಇರುತ್ತದೆ, ಅದಕ್ಕಿಂತ ಮೈಗೊತ್ತಿ ಕೂರುವ ನಯವಾದ ಹತ್ತಿ ಬನಿಯನ್ ಹಿತ. ಬಟ್ಟೆಯಲ್ಲಿ ಸುತ್ತಿದ ತಂಪು ಚೀಲವೂ ಕೆಲವರಿಗೆ ಒಗ್ಗುತ್ತದೆ.

ಯಾವ ಔಷಧವೂ ನೋವನ್ನು ಸೊನ್ನೆಗೆ ಇಳಿಸುತ್ತದೆಂದು ಕಾಯಬೇಡಿ. ಅರ್ಧಕ್ಕಿಳಿದರೆ ರಾತ್ರಿ ನಿದ್ದೆ ಬರುತ್ತದೆ, ನಿದ್ದೆ ಬಂದರೆ ಊಟ ಸೇರುತ್ತದೆ. ಸಾಮಾನ್ಯ ಡಾಕ್ಟರ ಔಷಧಕ್ಕೆ ಬಗ್ಗದಿದ್ದರೆ ನೋವಿನ ಕ್ಲಿನಿಕ್‌ಗಳಿವೆ. ಡ್ಯಾಲಸ್‌ನ ಯುಟಿ ಸೌತ್‌ವೆಸ್ಟರ್ನ್, ಹ್ಯೂಸ್ಟನ್ನಿನ ಟೆಕ್ಸಾಸ್ ಮೆಡಿಕಲ್ ಸೆಂಟರ್, ಆಸ್ಟಿನ್‌ನ ಡೆಲ್ ಮೆಡಿಕಲ್ ಸ್ಕೂಲ್ ಇಂಥ ಕಡೆ ವಿಚಾರಿಸಿ. ಅಲ್ಲಿ ಸೊನ್ನೆಯಿಂದ ಹತ್ತರವರೆಗೆ ನೋವು ಎಷ್ಟು ಎಂದು ಕೇಳುತ್ತಾರೆ. ನಮ್ಮ ಹಿರಿಯರು ಹಲ್ಲುಕಚ್ಚಿಕೊಂಡು “ಪರವಾಗಿಲ್ಲ, ಮೂರು” ಎನ್ನುತ್ತಾರೆ, ಡಾಕ್ಟರು ಮೂರೆಂದೇ ಬರೆದುಕೊಳ್ಳುತ್ತಾರೆ. ರಾತ್ರಿ ಎಷ್ಟು ಸಲ ಎದ್ದರು, ಯಾವ ಬಟ್ಟೆ ತೊಡಲಾಗುವುದಿಲ್ಲ, ಸ್ನಾನ ಹೇಗೆ ಮಾಡುತ್ತಾರೆ ಎಂಬುದನ್ನು ಮಕ್ಕಳು ಹೇಳಬೇಕು. ಮಗನ ಎದುರು ಎದೆಯ ಭಾಗದ ನೋವನ್ನು ಹೇಳಿಕೊಳ್ಳಲು ತಾಯಿಗೆ ನಾಚಿಕೆ. ಆಸ್ಪತ್ರೆಯವರನ್ನು ಕೇಳಿದರೆ ಫೋನಿನಲ್ಲಿ ಕನ್ನಡ ದುಭಾಷಿಯನ್ನು ಪುಕ್ಕಟೆಯಾಗಿ ಒದಗಿಸುವ ವ್ಯವಸ್ಥೆ ಸಾಮಾನ್ಯವಾಗಿ ಇರುತ್ತದೆ.

ಇಷ್ಟೆಲ್ಲ ಪಡಿಪಾಟಲು ಬಾರದಂತೆ ಮಾಡುವುದು ಲಸಿಕೆ. 2017ರಲ್ಲಿ ಬಂದ ಶಿಂಗ್ರಿಕ್ಸ್‌ನಲ್ಲಿ ಜೀವಂತ ವೈರಸ್ ಇಲ್ಲ, ಅದರ ಒಂದು ಪ್ರೋಟೀನು ಮಾತ್ರ. ಮೈಯ ಕಾವಲನ್ನು ಎಬ್ಬಿಸಲು ಸೇರಿಸಿದ ವಸ್ತುಗಳಲ್ಲಿ ಒಂದನ್ನು ಚಿಲಿ ದೇಶದ ಸೋಪು ಮರದ ತೊಗಟೆಯಿಂದ ತೆಗೆಯುತ್ತಾರೆ. ನಮ್ಮ ಅಂಟುವಾಳದ ಕಾಯಿಯ ನೊರೆಯಲ್ಲಿರುವುದೂ ಅದೇ ಸಪೋನಿನ್ ವರ್ಗದ್ದು. 50 ದಾಟಿದವರಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚಿನ ರಕ್ಷಣೆ ದೊರೆಯಿತೆಂದು ದೊಡ್ಡ ಪ್ರಯೋಗಗಳು ತೋರಿಸಿವೆ. ಎರಡು ಡೋಸು, ನಡುವೆ ಎರಡರಿಂದ ಆರು ತಿಂಗಳ ಅಂತರ. ತೋಳುನೋವು, ಮೈಕೈ ನೋವು, ಜ್ವರ ಒಂದೆರಡು ದಿನ ಇರುತ್ತದೆ. ಮುಂಚೆ ಸರ್ಪಸುತ್ತು ಆದವರೂ ವಾಸಿಯಾದ ಮೇಲೆ ಹಾಕಿಸಿಕೊಳ್ಳಬಹುದು. ಈಗಾಗಲೇ ಉಳಿದಿರುವ ನರನೋವಿಗೆ ಮಾತ್ರ ಇದು ಔಷಧವಲ್ಲ. ಟೆಕ್ಸಾಸಿನಲ್ಲೇ ನೆಲೆಸಿ ಮೆಡಿಕೇರ್ ಡಿ ಭಾಗದ ವಿಮೆ ಇರುವವರಿಗೆ 2023ರಿಂದ ಇದು ಉಚಿತ. ಪ್ರವಾಸಿ ವಿಮೆಯಲ್ಲಿ ಬಂದ ತಂದೆತಾಯಿಗಳಿಗೆ ಆ ಸವಲತ್ತು ಸಿಗುವುದಿಲ್ಲ. ಭಾರತದಲ್ಲೂ 2023ರಿಂದ ಇದು ಸಿಗುತ್ತಿದೆ, ಅಗ್ಗವಲ್ಲ. ಆದರೆ ವಿಮಾನದ ಟಿಕೆಟ್ಟಿಗೆ ಲಕ್ಷ ಸುರಿಯುವಾಗ ಇದನ್ನೂ ಆ ಲೆಕ್ಕಕ್ಕೇ ಸೇರಿಸಿ, ಹೊರಡುವ ಮುಂಚೆಯೇ ಎರಡೂ ಡೋಸು ಮುಗಿಸಿಕೊಳ್ಳಲಿ ಎಂದು ಮಕ್ಕಳನ್ನು ಕೇಳಿಕೊಳ್ಳುತ್ತೇನೆ. ಡ್ಯಾಲಸ್‌ನ ಮಲ್ಲಿಗೆ ಕನ್ನಡ ಸಂಘ, ಹ್ಯೂಸ್ಟನ್ ಕನ್ನಡ ವೃಂದ, ಆಸ್ಟಿನ್ ಕನ್ನಡ ಸಂಘದವರು ಯುಗಾದಿಗೋ ರಾಜ್ಯೋತ್ಸವಕ್ಕೋ ಹಿರಿಯರೆಲ್ಲ ಸೇರಿದಾಗ ಒಬ್ಬ ಕನ್ನಡ ಡಾಕ್ಟರಿಂದ ಅರ್ಧ ಗಂಟೆ ಈ ವಿಷಯ ಮಾತಾಡಿಸಿದರೆ ಎಷ್ಟೋ ಮನೆಗಳಿಗೆ ಉಪಕಾರ.

ಕೊನೆಯದಾಗಿ, ನೋವು ಉಳಿದಿರುವಾಗಲೇ ವೀಸಾ ಅವಧಿ ಮುಗಿದು ಊರಿಗೆ ಹೊರಟವರ ವಿಷಯ. ಗಾಬಾಪೆಂಟಿನ್, ಪ್ರೀಗಾಬಾಲಿನ್, ನಾರ್‌ಟ್ರಿಪ್ಟಿಲಿನ್ ಮೂರೂ ಕರ್ನಾಟಕದ ಔಷಧದಂಗಡಿಗಳಲ್ಲಿ ಸಿಗುತ್ತವೆ, ಬ್ರ್ಯಾಂಡ್ ಹೆಸರು ಮಾತ್ರ ಬೇರೆ. ಆದ್ದರಿಂದ ಔಷಧದ ಮೂಲ ಹೆಸರು, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ, ಯಾವ ತಾರೀಖಿಗೆ ಗುಳ್ಳೆ ಎದ್ದವು ಇವಿಷ್ಟನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದುಕೊಡಿ. ಊರಿನಲ್ಲಿ ನರರೋಗದ ಡಾಕ್ಟರನ್ನು ನೋಡುವವರೆಗೆ ಸಾಕಾಗುವಷ್ಟು ಮಾತ್ರೆ ಜೊತೆಗಿರಲಿ. ಆ ಹಾಳೆಯನ್ನೂ ಮಾತ್ರೆಗಳನ್ನೂ ಅವರ ಕೈಚೀಲದಲ್ಲೇ ಇಡಿ, ಸೂಟ್‌ಕೇಸಿಗೆ ಹಾಕಬೇಡಿ. ದಾರಿ ಒಂದು ಹಗಲು ಒಂದು ರಾತ್ರಿಯದು, ನಡುವೆ ಒಂದು ಹೊತ್ತಿನ ಮಾತ್ರೆಯೂ ತಪ್ಪಬಾರದು.